ಅಂಕಸಮುದ್ರದ ಕೆರೆಯು ಯಾರದು?

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದಲ್ಲಿ ಪೂರ್ವಿಕರು ಬೇಸಾಯಕ್ಕೋಸ್ಕರ ಕಟ್ಟಿಸಿದ ಒಂದು ಕೆರೆ ಇರುವದು. ಸುಮಾರು ೨೪೪ ಎಕರೆಯ ಈ ಕೆರೆಯೊಳಗಿನ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ, ಕೆಂಬರಲು ಮೊದಲಾದ ಸಾವಿರಾರು ಹಕ್ಕಿಗಳು ತಂಗುತ್ತವೆ. ಸರಕಾರವು ೨೦೧೭ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ಲೋಕದ ಮುಖ್ಯ ಜಲಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿ ಸೇರಿದ ವರ್ತಮಾನವು ೨೦೨೪ರಲ್ಲಿ ಪ್ರಕಟವಾಯಿತು. ಇಂಥ ಸ್ಥಳವನ್ನು ಗೊತ್ತುಮಾಡುವ ಮುಂಚೆ ಊರವರ ಸಂಗಡ ಆಲೋಚಿಸತಕ್ಕದ್ದೆಂದೂ ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯತಿಯವರು ಇರತಕ್ಕದ್ದೆಂದೂ ಕಾನೂನು ವಿಧಿಸುತ್ತದೆ. ಆದದರಿಂದ ಕಾಯುವ ಭಾರವು ಅರಣ್ಯ ಇಲಾಖೆಯದು ಮಾತ್ರವಲ್ಲ, ಊರವರದೂ ಆಗಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಳೆ ತಪ್ಪುವ ನಮ್ಮ ಸೀಮೆಯಲ್ಲಿ ಮನುಷ್ಯರಿಗೇ ನೀರು ಸಾಲದಿರುವಾಗ ಹಕ್ಕಿಗಳಿಗೆ ಪಾಲು ಯಾಕೆ? ಹಿಕ್ಕೆ ಬಿದ್ದ ನೀರು ಪೈರಿಗೆ ಗೊಬ್ಬರವೆಂದು ಕೆಲವರು ಉತ್ತರ ಕೊಡಬಹುದು. ಈ ಮಾತು ಸುಳ್ಳಲ್ಲ, ಆದರೂ ಸಾಲದು. ಯಾಕಂದರೆ ಲಾಭಕ್ಕಾಗಿ ಮಾತ್ರ ಕಾಯುವವನು ಲಾಭ ತೀರಿದ ದಿನವೇ ಕೊಡಲಿ ಎತ್ತುವನು. ಒಕ್ಕಲಿಗನ ಕೊರತೆ ನಿಜವೇ. ಅವನ ಪೈರಿನ ನೀರನ್ನು ಯಾರೂ ಕಸಿಯಬಾರದು. ಆದರೆ ಕೆರೆಯನ್ನು ಕಟ್ಟಿದವರು ನಾವಲ್ಲ. ಹಿಂದಿನವರಿಂದ ಪಡೆದು ಮುಂದಿನವರಿಗೆ ಒಪ್ಪಿಸತಕ್ಕ ಪಾರುಪತ್ಯಗಾರರು ನಾವು. ನಮ್ಮ ಕಾಲದಲ್ಲಿ ಅದನ್ನು ಬರಿದುಮಾಡುವ ಅಧಿಕಾರ ನಮಗೆಲ್ಲಿಯದು?

ಈ ಕಾವಲಿಗೆ ಹಣ ಬೇಡ. ಜಾಲಿಯನ್ನು ಕಡಿಯದಿರುವದು, ಮಕ್ಕಳ ಕೈಯ ಕವಣೆಯನ್ನು ತಡೆಯುವದು, ಗೂಡಿನ ಸಮೀಪ ಗದ್ದಲ ಮಾಡದಿರುವದು, ಇಷ್ಟರಿಂದ ಆರಂಭವಾಗುವದು. ಹಕ್ಕಿಯು ನಮಗೆ ಉಪಕಾರ ಹೇಳದು. ಹೇಳದವರಿಗೆ ಮಾಡುವದೂ ನಮ್ಮ ಕರ್ತವ್ಯವಲ್ಲವೋ? ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಕಡೆಯಲ್ಲಿಯೂ ಕೆರೆಗಳುಂಟು. ನಮ್ಮ ನಮ್ಮ ಊರ ಕೆರೆಯ ದಂಡೆಯಲ್ಲಿ ಇದನ್ನು ಯೋಚಿಸೋಣ.