ಹಡಗಿನ ಮೇಲಂತಸ್ತಿನವರು



ಹಾಲ್ಕುರಿಕೆಯ ತೋಟಗಳಿಗೆ ಕಡಲು ಬಹು ದೂರ. ಆದರೆ ಒಂದು ತೆಂಗಿನ ಸಸಿ ಫಲಕ್ಕೆ ಬರಲು ಆರೇಳು ವರ್ಷ ಕಾಯುವುದೆಂದರೇನೆಂದು ತಿಪಟೂರು ಸೀಮೆಯವರಾದ ನಮಗೆ ಗೊತ್ತು. ಉಳ್ಳಾಲದ ತೀರದಲ್ಲಿ ಅಂತಹ ಮರಗಳೂ ಮನೆಗಳೂ ಮಳೆಗಾಲದ ಕಡಲ್ಕೊರೆತಕ್ಕೆ ಉರುಳಿವೆ. ಅದರ ಮೇಲೆ ಸಮುದ್ರಮಟ್ಟವೂ ಏರುತ್ತಿದೆ. 1901ರಿಂದ 2018ರೊಳಗೆ ಜಗತ್ತಿನಲ್ಲಿ ಅದು ಸುಮಾರು 20 ಸೆಂಟಿಮೀಟರ್ ಏರಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿ ನಾವು ಭೂಮಿಯನ್ನು ಬಿಸಿ ಮಾಡಿದ್ದೇ ಇದಕ್ಕೆ ಮುಖ್ಯ ಕಾರಣ.

ಪ್ರವಾದಿವರ್ಯರು(ಸ) ಒಂದು ಹಡಗಿನ ಉಪಮೆ ಹೇಳಿದ್ದಾರೆ. ಕೆಳಗಿನ ಅಂತಸ್ತಿನವರು ನೀರಿಗಾಗಿ ತಳದಲ್ಲಿ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ತಡೆಯದಿದ್ದರೆ ಎಲ್ಲರೂ ನಾಶ, ತಡೆದರೆ ಎಲ್ಲರೂ ಪಾರು. ಇಂದು ಘಟ್ಟದ ಮೇಲಿರುವ ನಾವೂ ತೂತು ಕೊರೆಯುವವರ ಸಾಲಿನಲ್ಲಿದ್ದೇವೆ. ಮೊದಲು ನೀರು ನುಗ್ಗುವುದು ಮಾತ್ರ ಕೆಳಗಿನವರ ಮನೆಗೆ.

ಅಲ್ಲಾಹನು ತೀರಕ್ಕೊಂದು ಕಾವಲನ್ನೂ ಕರುಣಿಸಿದ್ದಾನೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ, ಕುಂದಾಪುರದ ಹಿನ್ನೀರಿನಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಕೆಸರನ್ನು ಹಿಡಿದಿಟ್ಟು ಅಲೆಯ ಬಲ ಕುಗ್ಗಿಸುತ್ತವೆ, ಮೀನು ಸಿಗಡಿಯ ಮರಿಗಳಿಗೆ ಆಸರೆಯಾಗುತ್ತವೆ. ಅವುಗಳನ್ನು ಕಡಿದು, ಮಣ್ಣು ತುಂಬಿ ನಿವೇಶನ ಮಾಡುವುದೂ ಹಡಗಿಗೆ ತೂತು ಕೊರೆದಂತೆಯೇ.

ಆದ್ದರಿಂದ ಇಂಧನದ ದುಂದುವೆಚ್ಚ ಬಿಡೋಣ. ಕರಾವಳಿಯಲ್ಲಿ ಮನೆ ಕಟ್ಟಿಸುವ ಬಂಧುಗಳಿಗೆ ತೀರದಿಂದ ಹಿಂದೆ ಸರಿದು ಕಟ್ಟಲು ಹೇಳೋಣ. ಕಡಲಂಚಿನ ಬಡವರು ಮನೆ ಕಳೆದುಕೊಳ್ಳುವ ಮೊದಲೇ ಬೇರೆಡೆ ನೆಲೆಸಲು ನಮ್ಮ ಸದಕಾ ನೆರವಾಗಲಿ. ಕಿಯಾಮತ್ ಎದುರಾದರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮಗಿನ್ನೂ ಸಮಯವಿದೆ. ಅದನ್ನು ಬಳಸುವ ಸದ್ಬುದ್ಧಿಯನ್ನು ಅಲ್ಲಾಹನು ಅನುಗ್ರಹಿಸಲಿ, ಆಮೀನ್.