ನಾಯಿಯಿರುವ ಮನೆಗೆ ಬೆಕ್ಕು

ನಾಯಿಯನ್ನು ಅಕ್ಕರೆಯಿಂದ ಸಾಕಿದವರಿಗೆ ಬೆಕ್ಕನ್ನೂ ತರುವ ಬಯಕೆ ಹುಟ್ಟುವುದು ಸಹಜ. ಆದರೆ ಅಕ್ಕರೆಯೊಂದೇ ಪಾಲನೆಯ ಅರ್ಹತೆಯಲ್ಲ. ಓಡುವುದನ್ನು ಬೆನ್ನಟ್ಟುವುದು ನಾಯಿಯ ಸ್ವಭಾವ. ಏರಿ ಕುಳಿತುಕೊಳ್ಳಲು ಎತ್ತರದ ನೆಲೆಯಾಗಲಿ, ಅಡಗಲು ಪ್ರತ್ಯೇಕ ತಾಣವಾಗಲಿ ಇಲ್ಲದ ಮನೆಯಲ್ಲಿ ಬೆಕ್ಕಿನ ಬಾಳು ನಿತ್ಯಭಯದ ಬಾಳಾಗುತ್ತದೆ.

ಇದಕ್ಕಿಂತ ಗಹನವಾದುದು ಆಹಾರದ ಪ್ರಶ್ನೆ. ಮನುಷ್ಯನ ಒಡನಾಟದಲ್ಲಿ ನಾಯಿಯ ದೇಹವು ಪಿಷ್ಟವನ್ನು ಜೀರ್ಣಿಸಿಕೊಳ್ಳಲು ಹೊಂದಿಕೊಂಡಿತೆಂದು 2013ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ತೋರಿಸಿತು. ಬೆಕ್ಕಾದರೋ ಸ್ವಭಾವತಃ ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಾಲದಿದ್ದರೆ ಅದರ ಅಕ್ಷಿಪಟ ಕ್ಷಯಿಸುವುದೆಂದು 1975ರಲ್ಲಿಯೂ, ಹೃದಯ ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತಿಳಿಸಿದರು. ಆದುದರಿಂದ ನಾಯಿಗೆ ಒಗ್ಗಿದ ಹಾಲನ್ನವನ್ನೇ ಬೆಕ್ಕಿಗೂ ಇಟ್ಟರೆ ಸಾಲದು.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಬಟ್ಟಲು ತುಂಬಿದ್ದರೂ ದೇಹಕ್ಕೆ ಬೇಕಾದುದು ಅದರಲ್ಲಿಲ್ಲವಾದರೆ ಅದೂ ಒಂದು ಬಗೆಯ ನಿರೋಧವೇ ಅಲ್ಲವೆ? ಮಾಂಸವನ್ನು ಕೊಂಡು ತಂದರೆ ಮತ್ತೊಂದು ಜೀವಿಯ ವಧೆಗೆ ಅನುಮೋದನೆ ಕೊಟ್ಟಂತೆ. ತನ್ನ ವ್ರತಕ್ಕಾಗಿ ಮೂಕಪ್ರಾಣಿಯನ್ನು ಕುರುಡಾಗಿಸುವುದು ವ್ರತಪಾಲನೆಯಲ್ಲ. ಈ ಇಕ್ಕಟ್ಟಿಗೆ ಪರಿಹಾರ ಕಾಣದ ಗೃಹಸ್ಥನು ಬೆಕ್ಕನ್ನು ತರದಿರುವುದೇ ಅದಕ್ಕೆ ತೋರಬಹುದಾದ ನಿಜವಾದ ದಯೆ.