ಬುದ್ಧಿ ಕದಡಿದವನ ಮಾತನ್ನು ನಂಬತಕ್ಕದ್ದೋ?

ಅಗಸೂರಿನಂಥ ಹಳ್ಳಿಯಲ್ಲಿ ಒಬ್ಬನ ಬುದ್ಧಿ ಕದಡಿದರೆ ಮನೆಯವರು ಬಹಳ ದಿವಸ ಅದನ್ನು ಮುಚ್ಚಿಟ್ಟು, ಕಡೆಗೆ ಅವನನ್ನು ಕರಕೊಂಡು ಅರಬೈಲು ಘಟ್ಟವನ್ನು ಹತ್ತಿ, ಯಲ್ಲಾಪುರ ಹುಬ್ಬಳ್ಳಿಗಳ ಮಾರ್ಗವಾಗಿ ಧಾರವಾಡಕ್ಕೆ ಹೋಗುವದುಂಟು. ಅಲ್ಲಿ 1845ರಲ್ಲಿ ಸ್ಥಾಪಿತವಾದ ಮಾನಸಿಕ ಆಸ್ಪತ್ರೆಯು ಈಗ ಡಿಮ್ಹಾನ್ಸ್ ಎಂಬ ಹೆಸರಿನಿಂದ ನಡೆಯುತ್ತದೆ. ಯಾವ ಆಸ್ಪತ್ರೆಯಲ್ಲಿಯಾದರೂ ವೈದ್ಯನು ರೋಗಿಯನ್ನು ಆಗಾಗ್ಗೆ ಬಂದು ನೋಡುತ್ತಾನೆ. ದಾದಿಯರಾದರೋ ಹಗಲಿರುಳು ಅವನ ಬಳಿಯಲ್ಲಿರುತ್ತಾರೆ. ಆದಕಾರಣ ದಾದಿಯು ಅವನನ್ನು ಯಾವ ಮನಸ್ಸಿನಿಂದ ನೋಡುತ್ತಾಳೆಂಬದು ಸಣ್ಣ ಸಂಗತಿಯಲ್ಲ.

ಒಂದು ದೃಷ್ಟಾಂತವನ್ನು ಆಲೋಚಿಸೋಣ. ಅನ್ನದಲ್ಲಿ ವಿಷ ಬೆರೆಸಿದ್ದಾರೆಂದು ನಿನ್ನೆ ಕೂಗಿದ ರೋಗಿಯು ಇಂದು ಹೊಟ್ಟೆ ನೋಯುತ್ತದೆ ಅನ್ನುತ್ತಾನೆ. ನಿನ್ನೆಯ ಮಾತು ನಿಜವಾಗಿರಲಿಲ್ಲ. ಇಂದಿನದೂ ಹಾಗೆಯೇ ಎಂದು ದಾದಿಯು ಮುಂದೆ ಹೋದರೆ ಅದು ತಪ್ಪೋ? ತಪ್ಪೇ ಸರಿ. ಬುದ್ಧಿ ಕೆಟ್ಟವನ ಹೊಟ್ಟೆಯೂ ಕೆಡುವದುಂಟು. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳಿಂದ ಮಲಬದ್ಧತೆ ಹುಟ್ಟಿ, ಕೆಲವೊಮ್ಮೆ ಪ್ರಾಣಕ್ಕೂ ಅಪಾಯ ಬರುತ್ತದೆ. ಕೆಲವು ಔಷಧಗಳಿಂದ ತಾಳಲಾರದ ಚಡಪಡಿಕೆ ಉಂಟಾಗಿ ರೋಗಿಯು ಒಂದೇ ಕಡೆಯಲ್ಲಿ ಕೂತಿರಲಾರನು. ಅದನ್ನು ಹಟವೆಂದು ಗದರಿಸಿದರೆ ಔಷಧದ ದೋಷವನ್ನು ರೋಗಿಯ ತಲೆಗೆ ಕಟ್ಟಿದಂತಾಗುವದು.

ದಾದಿಯರ ಪಕ್ಷದಲ್ಲಿಯೂ ನ್ಯಾಯವುಂಟು. ಅವರು ನಮ್ಮ ಊರುಗಳಲ್ಲಿಯೇ ಬೆಳೆದವರು. ಹುಚ್ಚನೆಂದು ಕೂಗಿ ಕಲ್ಲೆಸೆಯುವ ಮಕ್ಕಳನ್ನು ಕಂಡು ಸುಮ್ಮನಿದ್ದವರು ನಾವೇ. ಬಿಳೀ ಉಡುಪು ತೊಟ್ಟಾಕ್ಷಣಕ್ಕೆ ಆ ಭಯ ಹೋಗದು. ಅನೇಕ ರೋಗಿಗಳ ನಡುವೆ ರಾತ್ರಿ ಒಬ್ಬಳೇ ಇರುವವಳ ಅಂಜಿಕೆಯು ಸುಳ್ಳಲ್ಲ; ಹೊಡೆಯುವ ರೋಗಿಗಳೂ ಇದ್ದಾರೆ. ಆದರೆ ಬಹುಮಂದಿ ಯಾರಿಗೂ ಕೇಡು ಮಾಡುವವರಲ್ಲ. ಅವರ ಪರಿಚಯವು ಹೆಚ್ಚಿದ ಹಾಗೆ ಅಂಜಿಕೆಯು ಕಡಿಮೆಯಾಗುವದು.

2001ನೇ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಒಂದು ಆಶ್ರಯಕ್ಕೆ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ ರೋಗಿಗಳು ಓಡಲಾರದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸಂಕೋಲೆ ಹಾಕುವದನ್ನು ನಿಷೇಧಿಸಿದೆ. ಕಾಯಿದೆಯು ಸಂಕೋಲೆಯನ್ನು ಬಿಚ್ಚಿಸಬಲ್ಲದು. ರೋಗಿಯ ಮಾತಿಗೆ ಕಿವಿಗೊಡುವ ಮನಸ್ಸನ್ನು ಹುಟ್ಟಿಸಲಾರದು.

ಹಾಗಾದರೆ ಅವನ ಮಾತನ್ನೆಲ್ಲಾ ನಿಜವೆಂದು ಒಪ್ಪಬೇಕೋ? ಹಾಗಲ್ಲ. ವಿಷವುಂಟೆಂದರೆ ಹೌದೆನ್ನಬೇಕಾಗಿಲ್ಲ, ನಗಲೂ ಬಾರದು. ವಿಷವಿಲ್ಲದಿದ್ದರೂ ಅವನ ಭಯವು ನಿಜವಾದದ್ದು. "ನಿಮಗೆ ಬಹಳ ಭಯವಾಗಿದೆ, ನಾನು ಇಲ್ಲಿಯೇ ಇದ್ದೇನೆ" ಎಂದು ಹೇಳಬಹುದು. ಹೊಟ್ಟೆನೋವೆಂದರೆ ಮುಟ್ಟಿ ನೋಡಿ ವೈದ್ಯನಿಗೆ ತಿಳಿಸತಕ್ಕದ್ದು. ಏನೂ ಇಲ್ಲವೆಂದು ಕಂಡುಬಂದರೆ ಕೆಲವು ನಿಮಿಷಗಳು ನಷ್ಟವಾದವು, ಅಷ್ಟೇ. ಕೇಳದೆ ಹೋದರೆ ಒಂದು ಪ್ರಾಣವೇ ನಷ್ಟವಾಗಬಹುದು.

ಪ್ರಿಯ ವಾಚಕರೇ, ಇದು ದಾದಿಯರಿಗೆ ಮಾತ್ರ ಹೇಳಿದ ಮಾತಲ್ಲ. ಗುಣಹೊಂದಿ ಘಟ್ಟವಿಳಿದು ಬಂದವನು ತನ್ನ ಕೂಲಿಯನ್ನಾಗಲಿ ಗದ್ದೆಯ ಗಡಿಯನ್ನಾಗಲಿ ಕುರಿತು ನ್ಯಾಯ ಕೇಳುವಾಗ, ಇವನ ತಲೆ ಸರಿಯಿಲ್ಲವೆಂದು ನಾವು ತಳ್ಳಿಬಿಡುತ್ತೇವಲ್ಲಾ. ಹೀಗಿರಲಾಗಿ ದಾದಿಯನ್ನು ದೂಷಿಸುವ ಬಾಯಿ ನಮಗೆಲ್ಲಿಯದು?